ಬೇರೆಯವರು ಕಟ್ಟಿದ ಲೋಕದಲ್ಲಿ ನಮ್ಮ ಆಟ

ಹೊಸದಾಗಿ ರೋಲ್‌ಪ್ಲೇಯಿಂಗ್ ಆಟದ ರುಚಿ ಹತ್ತಿದ ಹುಡುಗ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ನಿಯಮಗಳ ಬಗ್ಗೆ ಇರುವುದಿಲ್ಲ. ‘ಸರ್, ಯಾವ ಲೋಕ ತಗೊಳ್ಳೋಣ?’ ಅನ್ನುತ್ತಾರೆ. ಅಚ್ಚಾಗಿ ಬಂದಿರುವ ಕಲ್ಪನಾ ಲೋಕಗಳು ಹತ್ತಾರಿವೆ. ಒಂದೊಂದಕ್ಕೂ ನಕಾಶೆ, ದೇವರುಗಳ ಪಟ್ಟಿ, ರಾಜವಂಶಗಳ ಚರಿತ್ರೆ, ಹೋಟೆಲಿನ ಊಟದ ದರ ಎಲ್ಲವೂ ಸಿದ್ಧ. ನಾನು ಒಂದು ಹೆಸರು ಹೇಳಿಬಿಡಲಿ, ದುಡ್ಡು ಕೊಟ್ಟು ತಂದುಬಿಡೋಣ ಅಂತ ಅವರ ಆಸೆ. ನಾನು ಹೆಸರು ಹೇಳುವುದಿಲ್ಲ, ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ‘ಆ ಪುಸ್ತಕದಲ್ಲಿ ರಾಜನನ್ನು ಕೊಲ್ಲುವವರು ಯಾರು?’

ವಿಚಿತ್ರವಾಗಿ ಕೇಳಿಸುತ್ತದೆ, ಗೊತ್ತು. ಈ ಪ್ರಶ್ನೆ ನನಗೆ ಸಿಕ್ಕಿದ್ದು ಒಬ್ಬ ಗೆಳೆಯ ಆಟದ ನಡುವೆ ಎದ್ದುಹೋದ ಒಂದು ಭಾನುವಾರ. ಅಲ್ಲಿಗೆ ಬರುವ ಮೊದಲು, ಈ ಆಟವನ್ನು ಕಣ್ಣಾರೆ ನೋಡದವರಿಗಾಗಿ ಎರಡು ಮಾತು.

ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರದೂ ಒಂದೊಂದು ಪಾತ್ರ: ಕಳ್ಳಿ, ಪೂಜಾರಿ, ಕೂಲಿ ಸಿಪಾಯಿ, ಹೀಗೆ. ಒಬ್ಬ ಮಾತ್ರ ಯಾವ ಒಂದು ಪಾತ್ರಕ್ಕೂ ಅಂಟಿಕೊಳ್ಳದೆ ಉಳಿದದ್ದೆಲ್ಲವೂ ಆಗುತ್ತಾನೆ. ಊರು ಅವನೇ, ಕಾಡು ಅವನೇ, ಕಾವಲುಗಾರ, ಮಳೆ, ಬೊಗಳುವ ನಾಯಿ ಎಲ್ಲ ಅವನೇ. ‘ಬಾಗಿಲು ಹಾಕಿದೆ, ಒಳಗೆ ಯಾರೋ ಕೆಮ್ಮಿದ ಸದ್ದು, ಏನು ಮಾಡ್ತೀರಿ?’ ಅನ್ನುತ್ತಾನೆ. ಉಳಿದವರು ತಮ್ಮ ಪಾತ್ರದ ಬಾಯಲ್ಲಿ ಉತ್ತರ ಕೊಡುತ್ತಾರೆ. ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಈ ಬಗೆಯ ಆಟದ ಲೆಕ್ಕ ಶುರುವಾಗುತ್ತದೆ. ಎಲ್ಲವೂ ಆಗುವ ಆ ಒಬ್ಬನನ್ನು ಇಂಗ್ಲಿಷಿನವರು ಡಂಜನ್ ಮಾಸ್ಟರ್ ಅನ್ನುತ್ತಾರೆ. ನಮ್ಮ ಮೇಜಿನಲ್ಲಿ ಅವನು ಭಾಗವತ.

ತಮಾಷೆಗೆ ಇಟ್ಟ ಹೆಸರಾದರೂ ಹೋಲಿಕೆ ಸುಳ್ಳಲ್ಲ. ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಆಟವನ್ನು ಐದು ನಿಮಿಷದಲ್ಲಿ ಅರ್ಥಮಾಡಿಸಬಹುದು. ಅಲ್ಲೂ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಕೂತ ಅರ್ಥಧಾರಿ ಅದಕ್ಕೆ ಅಲ್ಲೇ, ಆ ಕ್ಷಣದಲ್ಲೇ ಮಾತು ಕಟ್ಟುತ್ತಾನೆ. ಎದುರಿನವನು ಏನು ಹೇಳುತ್ತಾನೋ ಅವನಿಗೂ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಹೆಸರು ಇವತ್ತಿಗೂ ನಿಂತಿರುವುದು ಈ ಆಶುವಾದದ ಬಲದಿಂದಲೇ. ಕರ್ಣ ಸಾಯುತ್ತಾನೆ ಅಂತ ಸಭೆಗೆಲ್ಲ ಗೊತ್ತು. ಆದರೂ ಕರ್ಣನ ಅರ್ಥ ಹೇಳುವವನು ಆ ರಾತ್ರಿ ಕೃಷ್ಣನ ಬಾಯಿ ಕಟ್ಟಿಸಿಬಿಡಬಹುದು. ಹೋಲಿಕೆ ಮುರಿಯುವುದೂ ಇಲ್ಲೇ. ತಾಳಮದ್ದಳೆಯಲ್ಲಿ ಮಾತು ಗೆದ್ದವನೂ ಕೊನೆಗೆ ಪ್ರಸಂಗ ಹೇಳಿದ ಹಾಗೇ ಸಾಯಬೇಕು. ನಮ್ಮ ಆಟದಲ್ಲಿ ಕರ್ಣ ರಥ ತಿರುಗಿಸಿಕೊಂಡು ಅಂಗಕ್ಕೆ ಹೊರಟುಬಿಟ್ಟರೆ ಭಾಗವತನು ಪದ್ಯ ಪಕ್ಕಕ್ಕಿಟ್ಟು ಅಂಗದ ದಾರಿಯನ್ನು ವರ್ಣಿಸಲೇಬೇಕು. ಹಾಗಿದ್ದ ಮೇಲೆ, ಬೇರೊಬ್ಬರು ಬರೆದು ಅಚ್ಚು ಹಾಕಿಸಿದ ಲೋಕದ ಪುಸ್ತಕಕ್ಕೆ ಈ ಆಟದಲ್ಲಿ ಏನು ಕೆಲಸ? ಅದು ಎಲ್ಲಿಯವರೆಗೆ ಪದ್ಯ ಹಾಡಬೇಕು, ಎಲ್ಲಿ ಬಾಯಿ ಮುಚ್ಚಬೇಕು?

ಈ ಪುಸ್ತಕಗಳನ್ನು ಸಾಹಿತ್ಯವಾಗಿ ಯಾರೂ ವಿಮರ್ಶೆ ಮಾಡುವುದಿಲ್ಲ. ಮಾಡಬೇಕು ಅನ್ನುವುದು ನನ್ನ ಹಟ. ಕಾದಂಬರಿಯೂ ಅಲ್ಲದ, ಗ್ಯಾಸೆಟಿಯರೂ ಅಲ್ಲದ ಒಂದು ಪ್ರಕಾರ ಇದು. ಒಳ್ಳೆಯದು ಸಿಕ್ಕರೆ ಆಡದೆಯೂ ಓದಬಹುದು. ‘ಫರ್ಗಾಟನ್ ರೆಲ್ಮ್ಸ್’ ಲೋಕವನ್ನೇ ತೆಗೆದುಕೊಳ್ಳಿ. ಕೆನಡಾದ ಎಡ್ ಗ್ರೀನ್‌ವುಡ್ ಅದನ್ನು ಕಲ್ಪಿಸಿಕೊಂಡದ್ದು ಹುಡುಗನಾಗಿದ್ದಾಗ, ಈ ಆಟ ಹುಟ್ಟುವ ಮೊದಲೇ. ಆಮೇಲೆ ಗ್ರಂಥಾಲಯದಲ್ಲಿ ಕೆಲಸ ಮಾಡಿದ ಮನುಷ್ಯ. ಪುಟ ತಿರುವಿದರೆ ಅದು ಗೊತ್ತಾಗುತ್ತದೆ. 1987ರಲ್ಲಿ ಟಿಎಸ್‌ಆರ್ ಕಂಪನಿ ಆ ಲೋಕವನ್ನು ಬೂದು ಬಣ್ಣದ ಪೆಟ್ಟಿಗೆಯಲ್ಲಿಟ್ಟು ಮಾರಿತು. ಆಮೇಲೆ 1992ರಿಂದ ಬಂದ ‘ವೋಲೋ’ ಕೈಪಿಡಿಗಳು ನನಗೆ ಇವತ್ತಿಗೂ ಇಷ್ಟ. ವೋಲೋ ಎಂಬ ಬಾಯಿಬಡುಕ ಪ್ರವಾಸಿ ಊರೂರು ತಿರುಗಿ ಹೋಟೆಲು, ಛತ್ರ, ಗುಸುಗುಸು ಎಲ್ಲ ಬರೆದಿಡುತ್ತಾನೆ. ಎಲ್ಮಿನ್‌ಸ್ಟರ್ ಎಂಬ ಮುದಿ ಮಾಂತ್ರಿಕ ನಡುನಡುವೆ ಟಿಪ್ಪಣಿ ಹಾಕಿ ಅವನನ್ನು ತಿದ್ದುತ್ತಾನೆ, ಹೀಯಾಳಿಸುತ್ತಾನೆ. ಇಬ್ಬರಲ್ಲಿ ಯಾರನ್ನು ನಂಬಬೇಕು? ನಿಮ್ಮ ಮೇಜಿನಲ್ಲಿ ನಿಮಗೆ ಬೇಕಾದವರನ್ನು. ಆಟಕ್ಕೆ ಇದಕ್ಕಿಂತ ಒಳ್ಳೆಯ ನಿರೂಪಣಾ ತಂತ್ರ ಇಲ್ಲ. ಎಲ್ಲವೂ ಯಾರೋ ಹೇಳಿದ ಮಾತು, ಹಾಗಾಗಿ ಎಲ್ಲವೂ ತಪ್ಪಿರಬಹುದು.

ಆದರೆ ಕಂಪನಿ ಆಟವನ್ನಷ್ಟೇ ಮಾರುತ್ತಿರಲಿಲ್ಲ, ಕಾದಂಬರಿಯನ್ನೂ ಮಾರುತ್ತಿತ್ತು. ಕಾದಂಬರಿ ಓದುವವನಿಗೆ ಕಥೆ ಮುಗಿಯಬೇಕು, ನಾಯಕ ಗೆಲ್ಲಬೇಕು. ಆಡುವವನಿಗೆ ಅದೇ ಕಥೆ ಇನ್ನೂ ಮುಗಿಯದೆ ಬಿದ್ದಿರಬೇಕು. ಎರಡೂ ಸರಕನ್ನು ಒಂದೇ ಅಂಗಡಿಯಲ್ಲಿ, ಒಂದೇ ಲೋಕದ ಹೆಸರಲ್ಲಿ ಮಾರಲು ಹೊರಟರೆ ಒಂದು ಇನ್ನೊಂದನ್ನು ತಿನ್ನುತ್ತದೆ. 1989ರಲ್ಲಿ ಆಟದ ನಿಯಮಗಳು ಬದಲಾದವು. ಆ ಬದಲಾವಣೆಗೆ ಲೋಕದೊಳಗೇ ಒಂದು ಕಾರಣ ಬೇಕೆಂದು ದೇವರುಗಳನ್ನೆಲ್ಲ ಭೂಮಿಗೆ ಬೀಳಿಸಿದರು, ಕೆಲವರನ್ನು ಸಾಯಿಸಿದರು. ಹೊಸ ನಿಯಮಪುಸ್ತಕದಲ್ಲಿ ಕೊಲೆಗಡುಕ ಎಂಬ ಪಾತ್ರವರ್ಗ ಇರಲಿಲ್ಲ, ಆದ್ದರಿಂದ ಆ ಲೋಕದ ಕೊಲೆಗಡುಕರೆಲ್ಲ ಒಟ್ಟಿಗೇ ಸತ್ತರು ಅಂತ ಕಾದಂಬರಿಯಲ್ಲಿ ಬರೆಸಿದರು! 2008ರಲ್ಲಿ ಮತ್ತೆ ನಿಯಮ ಬದಲಾಯಿತು, ಮತ್ತೆ ಒಂದು ಮಹಾಪ್ರಳಯ, ಕಾಲ ಸುಮಾರು ನೂರು ವರ್ಷ ಮುಂದಕ್ಕೆ ಹಾರಿತು. ಹಳೆಯ ಪೆಟ್ಟಿಗೆ ಇಟ್ಟುಕೊಂಡು ವರ್ಷಗಟ್ಟಲೆ ಆಡುತ್ತಿದ್ದವರ ಊರು ಕೇರಿ ಎಲ್ಲ ಒಂದೇ ಏಟಿಗೆ ‘ಹಳೆಯ ಆವೃತ್ತಿ’ ಆಗಿಹೋಯಿತು.

ನನ್ನನ್ನು ಹೆಚ್ಚು ಕಾಡುವುದು ಈ ಪ್ರಳಯಗಳಿಗಿಂತ ಒಂದು ಸಣ್ಣ ಸಂಗತಿ. ಆ ಲೋಕದಲ್ಲಿ ಸೆಂಬಿಯಾ ಎಂಬ ವ್ಯಾಪಾರಿಗಳ ನಾಡೊಂದಿದೆ. ಮೊದಮೊದಲು ಅದರ ಬಗ್ಗೆ ಏನನ್ನೂ ಪ್ರಕಟಿಸದೆ, ಆಡಿಸುವವರು ತಮಗೆ ಬೇಕಾದಂತೆ ತುಂಬಿಕೊಳ್ಳಲಿ ಅಂತ ಬಿಟ್ಟಿದ್ದರು. ಊರಿನಲ್ಲಿ ಗೋಮಾಳ ಬಿಟ್ಟ ಹಾಗೆ. 2000ದ ಹೊತ್ತಿಗೆ ಸೆಂಬಿಯಾದ ಮೇಲೇ ಕಾದಂಬರಿ ಮಾಲೆ ಶುರುವಾಯಿತು. ಗೋಮಾಳಕ್ಕೆ ಬೇಲಿ ಬಿದ್ದರೆ ಏನಾಗುತ್ತದೆ ಅಂತ ನಮ್ಮ ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ನಾನು ಆಡಿಸಲು ಕಲಿತದ್ದು ಇದೇ ಲೋಕದಲ್ಲಿ, ಕೆಟ್ಟದಾಗಿ ಆಡಿಸಿದ್ದೂ ಇಲ್ಲೇ. ಓದಿಕೊಂಡಿದ್ದೇ ನನ್ನ ರೋಗವಾಗಿತ್ತು. ಯಾರಾದರೂ ‘ಈ ಊರಿನ ದೇವಸ್ಥಾನದಲ್ಲಿ ನಮ್ಮಮ್ಮ ಹೂ ಮಾರ್ತಿದ್ಲು’ ಅಂದರೆ, ‘ಇಲ್ಲಿ ಆ ದೇವರ ಗುಡಿ ಇಲ್ಲ, ಹದಿಮೂರನೇ ಪುಟ ನೋಡಿ’ ಅನ್ನುತ್ತಿದ್ದೆ. ಆ ಹುಡುಗಿ ಮತ್ತೆ ತನ್ನ ಪಾತ್ರದ ತಾಯಿಯ ಸುದ್ದಿ ಎತ್ತಲಿಲ್ಲ. ಒಂದು ಪುಟದ ಸತ್ಯ ಉಳಿಸಿಕೊಂಡು ಒಂದು ತಾಯಿಯನ್ನು ಕಳೆದುಕೊಂಡ ಪೆದ್ದ ನಾನು.

ಇನ್ನು ಆ ಭಾನುವಾರದ ಕಥೆ. ಆಗ ನಾವು ಆಡುತ್ತಿದ್ದದ್ದು ‘ಡಾರ್ಕ್ ಸನ್’. 1991ರಲ್ಲಿ ಬಂದ ಪೆಟ್ಟಿಗೆ. ಈ ಪ್ರಕಾರದಲ್ಲಿ ಬಂದ ಅತ್ಯಂತ ಒಳ್ಳೆಯ ಬರವಣಿಗೆಗಳಲ್ಲಿ ಅದೂ ಒಂದು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಆಥಸ್ ಎಂಬ ಲೋಕ. ಸೂರ್ಯ ಕೆಂಪಗೆ ಊದಿಕೊಂಡಿದ್ದಾನೆ. ಅಲ್ಲಿ ಮಂತ್ರ ಅಂದರೆ ಸುತ್ತಲಿನ ಗಿಡಮರಗಳ ಜೀವ ಹೀರಿ ನೆಲವನ್ನು ಬೂದಿ ಮಾಡುವ ವಿದ್ಯೆ. ಸಾವಿರಾರು ವರ್ಷ ಹಾಗೆ ಹೀರಿ ಹೀರಿ ಲೋಕವೇ ಮರುಭೂಮಿಯಾಗಿದೆ. ಲೋಹ ಸಿಕ್ಕುವುದಿಲ್ಲ, ಕತ್ತಿಗಳು ಮೂಳೆಯವು, ಗಾಜುಗಲ್ಲಿನವು. ನೀರಿಗೆ ಬೆಲೆ. ಅಲ್ಲಲ್ಲಿ ಉಳಿದ ನಗರಗಳನ್ನು ಮಾಂತ್ರಿಕ ರಾಜರು ಆಳುತ್ತಾರೆ, ಅವರ ಕೈಕೆಳಗೆ ಟೆಂಪ್ಲರ್‌ಗಳೆಂಬ ಅಧಿಕಾರಿಗಳು, ಅವರ ಕೈಕೆಳಗೆ ಗುಲಾಮರು. ಪೆಟ್ಟಿಗೆಯೊಳಗಿನ ಒಂದು ಪುಸ್ತಕ ಆ ಲೋಕದಲ್ಲಿ ತಿರುಗಾಡಿದ ಅಲೆಮಾರಿಯೊಬ್ಬನ ದಿನಚರಿಯ ರೂಪದಲ್ಲಿದೆ. ಬ್ರಾಮ್ ಎಂಬ ಕಲಾವಿದನ ಚಿತ್ರಗಳನ್ನು ನೋಡಿದರೆ ಬಾಯಿ ಒಣಗುತ್ತದೆ. ಪುಸ್ತಕ ತೆರೆದ ಹೊತ್ತಿಗೆ ಟೀರ್ ನಗರದಲ್ಲಿ ಕಾಲಕ್ ಎಂಬ ರಾಜ ಇಡೀ ಊರನ್ನು ಹಿಂಡಿ ಬೃಹತ್ ಜಿಗುರಾತ್ ಕಟ್ಟಿಸುತ್ತಿದ್ದಾನೆ. ಗುಲಾಮರು ಸಾಯುತ್ತಿದ್ದಾರೆ. ಊರು ಒಣ ಹುಲ್ಲಿನ ಬಣವೆಯಂತಿದೆ, ಒಂದು ಕಿಡಿ ಬಿದ್ದರೆ ಸಾಕು. ಆಟಕ್ಕೆ ಇದಕ್ಕಿಂತ ಬೇರೆ ಏನು ಬೇಕು?

ಕಿಡಿಯನ್ನೂ ಅವರೇ ಹಾಕಿಬಿಟ್ಟರು. ಅದೇ ವರ್ಷ ಬಂದ ಟ್ರಾಯ್ ಡೆನಿಂಗ್ ಅವರ ಮೊದಲ ಕಾದಂಬರಿಯಲ್ಲೇ ಕಾಲಕ್ ಸಾಯುತ್ತಾನೆ, ರಿಕಸ್ ಎಂಬ ಗ್ಲಾಡಿಯೇಟರ್ ಮತ್ತವನ ಸಂಗಡಿಗರ ಕೈಯಲ್ಲಿ. ಪೆಟ್ಟಿಗೆ ಕೊಂಡವರಿಗಾಗಿ ಬಂದ ಮೊದಲ ಸಾಹಸ ಪುಸ್ತಕ ‘ಫ್ರೀಡಂ’ ಕೂಡ 1991ರದ್ದೇ. ಅದರಲ್ಲಿ ಆಟಗಾರರ ಪಾತ್ರಗಳು ಹೇಗೋ ಗುಲಾಮರಾಗಿ ಜಿಗುರಾತಿನ ಕೆಲಸಕ್ಕೆ ಬೀಳುತ್ತವೆ. ಬೀಳದೆ ತಪ್ಪಿಸಿಕೊಳ್ಳಲು ಪುಸ್ತಕ ಬಿಡುವುದಿಲ್ಲ. ಕೊನೆಗೆ ಅಖಾಡದಲ್ಲಿ ಜನ ಸೇರಿದಾಗ ಈಟಿ ಹಾರುತ್ತದೆ, ರಾಜ ಬೀಳುತ್ತಾನೆ. ಈಟಿ ಎಸೆಯುವವನು ರಿಕಸ್. ಆಟಗಾರರು ಆಗ ಜನಜಂಗುಳಿಯಲ್ಲಿದ್ದಾರೆ.

ಇದನ್ನು ಓದಿಕೊಂಡೇ ನಾನು ಆಡಿಸಲು ಕೂತಿದ್ದೆ. ತಪ್ಪೇನೂ ಕಂಡಿರಲಿಲ್ಲ. ದೊಡ್ಡ ಘಟನೆಯೊಂದಕ್ಕೆ ಸಾಕ್ಷಿಯಾಗುವುದೂ ಒಂದು ಅನುಭವ ತಾನೇ ಅಂದುಕೊಂಡಿದ್ದೆ.

ಪುಸ್ತಕ ಇಂಗ್ಲಿಷಿನದಾದರೂ ನಮ್ಮ ಮೇಜಿನ ಮಾತು ಕನ್ನಡ. ಇದರಲ್ಲಿ ಒಂದು ಪೇಚಿದೆ. ಇಂಗ್ಲಿಷಿನ ಟೆಂಪ್ಲರ್ ಗುಲಾಮನಿಗೂ ಗುಲಾಮ ಟೆಂಪ್ಲರನಿಗೂ ಒಂದೇ ‘ಯೂ’ ಹೇಳಿ ಪಾರಾಗುತ್ತಾರೆ. ಕನ್ನಡದಲ್ಲಿ ಬಾಯಿ ತೆರೆಯುವ ಮೊದಲೇ ನೀನೋ ನೀವೋ ತಾವೋ ತೀರ್ಮಾನವಾಗಬೇಕು. ಮೊದಲ ವಾರ ನಾನು ಟೆಂಪ್ಲರ್ ಆಗಿ ‘ಏಯ್, ಬಾರೋ ಇಲ್ಲಿ’ ಅಂದೆ. ಎದುರಿಗಿದ್ದ ಗೆಳೆಯ, ಗ್ಲಾಡಿಯೇಟರ್ ಆಡುತ್ತಿದ್ದವನು, ಹೆಗಲು ಇಳಿಸಿ, ಕಣ್ಣು ನೆಲಕ್ಕಿಟ್ಟು, ‘ಬಂದೆ ಬುದ್ದಿ’ ಅಂದ.

ಮೊದಲು ಎಲ್ಲರೂ ನಕ್ಕರು. ಅಷ್ಟು ಸರಿಯಾಗಿ ಬಿದ್ದಿತ್ತು ಆ ಶಬ್ದ. ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿದರು. ಹಳೇ ಮೈಸೂರು ಸೀಮೆಯಲ್ಲಿ ಬುದ್ದಿ ಅಂತ ಯಾರು ಯಾರಿಗೆ ಅನ್ನುತ್ತಿದ್ದರು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮರುಭೂಮಿ, ಕೆಂಪು ಸೂರ್ಯ, ಮಾಂತ್ರಿಕ ರಾಜ, ಇವೆಲ್ಲ ಒಂದು ನಿಮಿಷ ಎಲ್ಲೋ ಹೋಗಿ, ಮೇಜಿನ ಮೇಲೆ ಬೇರೇನೋ ಬಂದು ಕೂತಿತ್ತು. ಅವನು ಮಾತ್ರ ಆಟ ಮುಂದುವರಿಸಿದ. ಮುಂದಿನ ಮೂರು ವಾರ ಅವನು ಆಡಿದ ಹಾಗೆ ನಮ್ಮಲ್ಲಿ ಯಾರೂ ಆಡಿರಲಿಲ್ಲ. ಕಾವಲುಗಾರರ ಪಾಳಿ ಗುರುತು ಹಾಕಿಕೊಂಡ. ಪಾಲಿಗೆ ಬಂದ ನೀರಿನಲ್ಲಿ ದಿನಕ್ಕೊಂದು ಗುಟುಕು ಉಳಿಸಿದ. ಸತ್ತ ಹೊರೆಪ್ರಾಣಿಯ ಮೂಳೆ ಮುರಿದು ಚೂಪು ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟ. ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಅವನ ಕೈಬರಹದ ನಕಾಶೆ ಇನ್ನೂ ಇದೆ.

ನಾಲ್ಕನೇ ವಾರ ಅಖಾಡ ಬಂತು. ನಾನು ತಯಾರು ಮಾಡಿಕೊಂಡಿದ್ದನ್ನು ನಾಟಕೀಯವಾಗಿ ಓದಿದೆ. ಈಟಿ ಹಾರಿತು.

‘ಎಸೆದವರು ಯಾರು?’ ಅಂದ.

‘ರಿಕಸ್ ಅಂತ.’

‘ಅವನು ಯಾವನು?’

‘ಕಾದಂಬರಿಯಲ್ಲಿ ಬರ್ತಾನೆ.’

‘ನಾವೆಲ್ಲಿದ್ವಿ?’

‘ಜನರನ್ನ ಬಾಗಿಲ ಕಡೆ ನೂಕಿ ಉಳಿಸ್ತಾ ಇದ್ರಿ. ಅದೂ ದೊಡ್ಡ ಕೆಲಸವೇ.’

ಅವನು ದಾಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ. ‘ನಮ್ಮ ತಾತ ಹನ್ನೊಂದು ವರ್ಷ ಜೀತಕ್ಕಿದ್ದ. ಒಂದು ರಾತ್ರಿ ಕಂಬ್ಳಿ ಹೊದ್ಕೊಂಡು ತಾನೇ ಎದ್ದು ಬಂದ. ಯಾರೂ ಈಟಿ ಎಸೀಲಿಲ್ಲ’ ಅಂದು ಎದ್ದುಹೋದ.

ಜೀತಪದ್ಧತಿ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ. ಅವನ ತಾತ ಎದ್ದು ಬಂದದ್ದು ಅದಕ್ಕೂ ಮೊದಲು ಅಂತ ಆಮೇಲೆ ಗೊತ್ತಾಯಿತು. ನಾನು ಎರಡು ದಿನ ಅವನಿಗೆ ಫೋನ್ ಮಾಡಲಿಲ್ಲ. ಗುಲಾಮಗಿರಿಯ ಕಥೆಯನ್ನು ಆಟಕ್ಕೆ ತಂದದ್ದೇ ನನ್ನ ತಪ್ಪು, ಅದಕ್ಕೇ ಅವನಿಗೆ ನೋವಾಗಿದೆ ಅಂದುಕೊಂಡು ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮನೆಗೆ ಹೋದಾಗ ಅವನು ಅದನ್ನು ಪೂರ್ತಿ ಕೇಳಲೂ ಇಲ್ಲ. ಗುಲಾಮನ ಪಾತ್ರ ತಾನೇ ಕೇಳಿ ತಗೊಂಡದ್ದು, ಬುದ್ದಿ ಅಂದದ್ದೂ ತಾನೇ, ಅದರಲ್ಲಿ ಕಷ್ಟವಿರಲಿಲ್ಲ ಅಂದ. ‘ನೀನು ಕೊನೆ ಪುಟ ಮೊದ್ಲೇ ಓದ್ಕೊಂಡಿದ್ದೆ. ನಾನು ಮೂರು ವಾರ ಮೂಳೆ ಉಜ್ತಾ ಇದ್ದಾಗ ಸುಮ್ನೆ ನೋಡ್ತಾ ಇದ್ದೆ. ಅದಕ್ಕೆ ಸಿಟ್ಟು’ ಅಂದ.

ಈ ಪ್ರಕಾರದ ಬಗ್ಗೆ ನಾನು ಓದಿದ ಯಾವ ಲೇಖನವೂ ಇಷ್ಟು ನೇರವಾಗಿ ಹೇಳಿರಲಿಲ್ಲ. ದಬ್ಬಾಳಿಕೆಯನ್ನು ಆಟದಲ್ಲಿ ತರಬಹುದೇ ಬಾರದೇ ಅಂತ ಚರ್ಚೆ ಬೇಕಾದಷ್ಟು ನಡೆದಿದೆ, ನಡೆಯಲಿ. ಅವನ ಆಕ್ಷೇಪ ಬೇರೆ ಜಾಗದಲ್ಲಿತ್ತು. ನೋವನ್ನು ಆಟಗಾರರಿಗೆ ಹಂಚಿ, ಬಿಡುಗಡೆಯನ್ನು ಕಾದಂಬರಿಯ ನಾಯಕನಿಗೆ ಎತ್ತಿಟ್ಟ ಪುಸ್ತಕ ಅದು. ಕಥನದ ದೋಷ ಅಂತ ನಾನು ಅಂದುಕೊಂಡಿದ್ದು ಆ ಮೇಜಿನಲ್ಲಿ ಅವಮಾನವಾಗಿತ್ತು. ಕಂಪನಿಗೂ ಇದು ತಡವಾಗಿ ಅರಿವಾಗಿರಬೇಕು. ಕಾದಂಬರಿಗಳಲ್ಲಿ ಒಬ್ಬೊಬ್ಬರಾಗಿ ಮಾಂತ್ರಿಕ ರಾಜರು ಸತ್ತ ಮೇಲೆ, 1995ರ ಪರಿಷ್ಕೃತ ಪೆಟ್ಟಿಗೆಯಲ್ಲಿ ಮಾಡಲು ಉಳಿದಿದ್ದೇ ಕಡಿಮೆ. 2010ರಲ್ಲಿ ಆ ಲೋಕವನ್ನು ಮತ್ತೆ ಅಚ್ಚು ಹಾಕುವಾಗ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ, ಕಾಲಕ್ ಆಗಷ್ಟೇ ಸತ್ತ ದಿನಗಳಲ್ಲಿ ನಿಲ್ಲಿಸಿದರು. ಉಳಿದ ರಾಜರೆಲ್ಲ ಮತ್ತೆ ಜೀವಂತ. ಆದರೂ ಆ ಮೊದಲ ಸಾವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ ನೋಡಿ!

ನಾವು ಅದನ್ನೂ ಬಿಡಿಸಿಕೊಂಡೆವು. ಮೂರನೇ ವಾರದ ಕೊನೆಗೆ ಹಿಂದಿರುಗಿ, ರಿಕಸ್ ಮತ್ತವನ ಗುಂಪನ್ನು ಲೋಕದಿಂದಲೇ ತೆಗೆದುಹಾಕಿ ಮತ್ತೆ ಆಡಿದೆವು. ಅವರು ರಾಜನನ್ನು ಕೊಂದೇ ಕೊಲ್ಲುತ್ತಾರೆ ಅಂದುಕೊಂಡು ನಾನು ಕಾಳಗಕ್ಕೆ ಲೆಕ್ಕ ಹಾಕಿಟ್ಟಿದ್ದೆ. ಕೊಲ್ಲಲಿಲ್ಲ. ಅಖಾಡದ ಹಬ್ಬದ ಗದ್ದಲದಲ್ಲಿ, ಒಣಗಿದ ನೀರುಗಾಲುವೆಯೊಂದನ್ನು ಹಿಡಿದು, ತಮ್ಮ ಸಾಲಿನ ಮೂವತ್ತನಾಲ್ಕು ಜನರನ್ನು ಕರೆದುಕೊಂಡು ಮರಳಿಗೆ ಇಳಿದರು. ಮೂವತ್ತನಾಲ್ಕು ಜನರಿಗೂ ನಾನು ಹೆಸರು ಕೊಡಬೇಕಾಯಿತು, ಯಾಕೆಂದರೆ ಅವನು ಒಬ್ಬೊಬ್ಬರ ಹೆಸರೂ ಕೇಳಿದ. ಬಂಡೆಗಳ ನಡುವೆ ಹಳ್ಳಿ ಕಟ್ಟಿಕೊಂಡ ಮೇಲೆ, ಅಲ್ಲಿ ಯಾರು ಯಾರನ್ನು ನೀನು ಅನ್ನಬೇಕು, ಯಾರನ್ನು ನೀವು ಅನ್ನಬೇಕು ಅಂತ ಒಂದು ಇಡೀ ಮಧ್ಯಾಹ್ನ ಪಂಚಾಯಿತಿ ನಡೆಯಿತು. ದಾಳ ಒಮ್ಮೆಯೂ ಉರುಳಲಿಲ್ಲ. ವಯಸ್ಸಾದವರಿಗೆ ನೀವು, ಉಳಿದವರೆಲ್ಲ ನೀನು, ಬುದ್ದಿ ಅಂದವರಿಗೆ ಒಂದು ದಿನದ ನೀರು ಕಟ್ ಅಂತ ತೀರ್ಮಾನವಾಯಿತು. ಇಂಗ್ಲಿಷಿನಲ್ಲಿ ಆಡಿದ್ದರೆ ಈ ಪಂಚಾಯಿತಿಯೇ ಹುಟ್ಟುತ್ತಿರಲಿಲ್ಲ.

ಇದಾದ ಮೇಲೆ ನಾನು ಲೋಕದ ಪುಸ್ತಕಗಳನ್ನು ಓದುವ ಕ್ರಮವೇ ಬದಲಾಯಿತು. ನಕಾಶೆ ಚೆನ್ನಾಗಿದೆಯೇ, ದೇವರುಗಳೆಷ್ಟು ಅಂತ ಈಗ ನೋಡುವುದಿಲ್ಲ. ಲೇಖಕ ಎಲ್ಲಿ ನಿಲ್ಲಿಸಿದ್ದಾನೆ ಅಂತ ನೋಡುತ್ತೇನೆ. ಆ ದೃಷ್ಟಿಯಲ್ಲಿ ‘ಎಬೆರಾನ್’ ಬಲು ಜಾಣ ಪುಸ್ತಕ. 2002ರಲ್ಲಿ ಹೊಸ ಲೋಕಕ್ಕಾಗಿ ನಡೆದ ಸ್ಪರ್ಧೆಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ಪ್ರವೇಶಗಳು ಬಂದಿದ್ದವಂತೆ, ಗೆದ್ದದ್ದು ಕೀತ್ ಬೇಕರ್. 2004ರಲ್ಲಿ ಅಚ್ಚಾಯಿತು. ನೂರು ವರ್ಷದ ಯುದ್ಧ ಮುಗಿದು ಎರಡೇ ವರ್ಷವಾಗಿದೆ. ಯುದ್ಧದ ಕೊನೆಯಲ್ಲಿ ಸೈರ್ ಎಂಬ ಇಡೀ ದೇಶ ಒಂದೇ ದಿನದಲ್ಲಿ ಸತ್ತುಹೋಗಿದೆ, ಈಗ ಅಲ್ಲಿ ಬೂದು ಮಂಜಿನ ಗೋಡೆ. ಯಾಕೆ ಹಾಗಾಯಿತು? ಯಾವ ಪುಸ್ತಕದಲ್ಲೂ ಉತ್ತರವಿಲ್ಲ, ಕೊಡುವುದೂ ಇಲ್ಲ ಅಂತ ತೀರ್ಮಾನಿಸಿಯೇ ಬರೆದಿದ್ದಾರೆ. ಕಾದಂಬರಿಗಳೂ ಬಂದವು, ಆದರೆ ಅವುಗಳಲ್ಲಿ ನಡೆದದ್ದು ಆಟದ ಲೋಕಕ್ಕೆ ಲೆಕ್ಕವಿಲ್ಲ. 2009ರಲ್ಲಿ, 2019ರಲ್ಲಿ ಹೊಸ ಆವೃತ್ತಿಗಳು ಬಂದಾಗಲೂ ಆ ಲೋಕದ ಪಂಚಾಂಗ ಅದೇ 998ನೇ ವರ್ಷದಲ್ಲಿ ನಿಂತಿತ್ತು. ಓದುವಾಗ ಇದರ ಗದ್ಯ ಗ್ರೀನ್‌ವುಡ್ಡರಷ್ಟು ರಸವತ್ತಲ್ಲ, ಡಾರ್ಕ್ ಸನ್ನಿನಷ್ಟು ಉರಿಯುವುದೂ ಇಲ್ಲ. ಆಡಿಸಲು ಕೂತಾಗ ಅದರ ಬೆಲೆ ತಿಳಿಯುತ್ತದೆ.

ಹಾಗಂತ ಖಾಲಿ ಬಿಟ್ಟ ಲೋಕವೇ ಒಳ್ಳೆಯದು ಅಂತಲೂ ಹೇಳಲಾರೆ. ‘ಗ್ಲೊರಾಂಥಾ’ ತುಂಬಿ ತುಳುಕುವ ಲೋಕ. ಗ್ರೆಗ್ ಸ್ಟಾಫರ್ಡ್ 1966ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿ 2018ರಲ್ಲಿ ಸಾಯುವವರೆಗೂ ಅದನ್ನು ಕಟ್ಟುತ್ತಲೇ ಇದ್ದ. 2014ರ ಎರಡು ಸಂಪುಟಗಳ ಮಾರ್ಗದರ್ಶಿಯೇ ಸುಮಾರು ಎಂಟುನೂರು ಪುಟ. ಆದರೆ ಅಲ್ಲಿ ಪುರಾಣಗಳು ಒಂದಕ್ಕೊಂದು ಒಪ್ಪುವುದಿಲ್ಲ. ಬಿರುಗಾಳಿಯ ದೇವರು ಸೂರ್ಯ ಚಕ್ರವರ್ತಿಯನ್ನು ಕೊಂದ. ಗಾಳಿಯ ಜನರ ಪ್ರಕಾರ ಸತ್ತವನು ದಬ್ಬಾಳಿಕೆಗಾರ, ಸೂರ್ಯನ ಜನರ ಪ್ರಕಾರ ಕೊಂದವನು ರಾಜದ್ರೋಹಿ. ಪುಸ್ತಕ ತೀರ್ಪು ಕೊಡುವುದಿಲ್ಲ. ನಿಮ್ಮ ಗ್ಲೊರಾಂಥಾ ನನ್ನದಕ್ಕಿಂತ ಬೇರೆಯಾಗಿರುತ್ತದೆ ಅನ್ನುವುದು ಆ ಲೋಕದ ಅಭಿಮಾನಿಗಳಲ್ಲಿ ಗಾದೆಯೇ ಆಗಿಬಿಟ್ಟಿದೆ. ಸ್ಥಳಪುರಾಣಗಳ ನಡುವೆ ಬೆಳೆದ ನಮಗೆ ಇದು ಸಲೀಸು. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಳಗೆ ಕೂರಿಸಿ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದಾಗ ಯಾವ ವ್ಯಾಸರೂ ಹದಿಮೂರನೇ ಪುಟ ತೋರಿಸಲಿಲ್ಲ.

ಪಂಪನ ಹೆಸರೆತ್ತಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಅಮೆರಿಕದವರ ಲೋಕ ಯಾಕೆ, ನಮ್ಮ ಪುರಾಣವನ್ನೇ ಆಡಬಾರದೇ? ಅವರು ನಮ್ಮ ಪುರಾಣವನ್ನು ಆಟಕ್ಕೆ ತಂದ ರೀತಿ ನೋಡಿದರೆ ನಗು ಬರುತ್ತದೆ. 1977ರ ರಾಕ್ಷಸಗಣತಿಯ ಪುಸ್ತಕದಲ್ಲಿ ನಮ್ಮ ರಾಕ್ಷಸ ಹುಲಿ ತಲೆ ಇಟ್ಟುಕೊಂಡು ಪೈಪು ಸೇದುತ್ತಾ ಕೂತಿದ್ದಾನೆ, ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಗುಲಿದರೆ ಸಾಯುತ್ತಾನೆ. 1980ರ ಇನ್ನೊಂದು ಪುಸ್ತಕ ಇಂದ್ರನಿಗೂ ಅಗ್ನಿಗೂ ಎಷ್ಟು ಏಟು ತಾಳುತ್ತಾರೆ ಅಂತ ಅಂಕಿ ಬರೆದಿಟ್ಟಿದೆ. ಆದರೆ ನಾನು ಹಿಂಜರಿಯುವ ಕಾರಣ ಬೇರೆ. ಮಹಾಭಾರತ ಆಡಲು ಕೂತರೆ ಮೇಜಿನಲ್ಲಿರುವ ಐದೂ ಜನ ಪುಟ ತೋರಿಸುವವರೇ ಆಗುತ್ತಾರೆ. ಒಮ್ಮೆ ಪ್ರಯತ್ನಿಸಿ ಎರಡನೇ ವಾರಕ್ಕೇ ಕೈಬಿಟ್ಟೆವು. ಯಾರಿಗೂ ಅಜ್ಜಿ ಹೇಳದ ಲೋಕ ಅನ್ನುವುದೂ ಆಟಕ್ಕೆ ಒಂದು ಅನುಕೂಲ.

ಲೋಕ ಕಟ್ಟಿದವನ ಬಗ್ಗೆಯೂ ಒಂದು ಮಾತು ಹೇಳದೆ ಇರಲಾರೆ. ‘ಟೇಕುಮೆಲ್’ 1975ರಲ್ಲೇ ಅಚ್ಚಾದ ಲೋಕ. ಕಟ್ಟಿದವರು ಎಂ.ಎ.ಆರ್. ಬಾರ್ಕರ್, ಮಿನಿಸೋಟಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಉರ್ದು ಕಲಿಸಿದವರು, ಕ್ಲಾಮತ್ ಎಂಬ ಮೂಲನಿವಾಸಿ ಭಾಷೆಗೆ ವ್ಯಾಕರಣ ನಿಘಂಟು ಬರೆದವರು. ಯುರೋಪಿನ ಕೋಟೆ ಕೊತ್ತಲಗಳನ್ನು ಪೂರ್ತಿ ಬಿಟ್ಟು, ಇಂಡಿಯಾ ಮತ್ತು ಮಧ್ಯ ಅಮೆರಿಕದ ಪ್ರಾಚೀನ ನಾಗರಿಕತೆಗಳ ನೆನಪು ತರುವಂತೆ, ತಾನೇ ಸೃಷ್ಟಿಸಿದ ಭಾಷೆಯ ಸಮೇತ ಕಟ್ಟಿದ ಲೋಕ ಅದು. ಅದರ ಲಿಪಿಯನ್ನು ನಾನು ಕೂತು ಕಲಿತಿದ್ದೆ. 1991ರಲ್ಲಿ ಬಾರ್ಕರ್ ಬೇರೆ ಹೆಸರಿನಲ್ಲಿ ನಾಜಿಪರ ಕಾದಂಬರಿಯೊಂದನ್ನು ಬರೆದಿದ್ದರು ಅಂತ, ಅವರ ಲೋಕವನ್ನು ನೋಡಿಕೊಳ್ಳುವ ಟೇಕುಮೆಲ್ ಫೌಂಡೇಶನ್ನೇ 2022ರಲ್ಲಿ ದೃಢಪಡಿಸಿತು. ಬಾರ್ಕರ್ ತೀರಿಕೊಂಡು ಆಗ ಹತ್ತು ವರ್ಷ. ಎಲ್ಲ ಲೋಕಗಳಲ್ಲೂ ಲೇಖಕನ ಮಾತು ಕೊನೆಯದಲ್ಲ, ಮೇಜಿನದೇ ಕೊನೆ ಅಂತ ವಾದಿಸುತ್ತಾ ಬಂದ ನಾನು, ಇಲ್ಲೂ ಲೇಖಕನನ್ನು ಪಕ್ಕಕ್ಕಿಟ್ಟು ಆಡಬಹುದಿತ್ತು. ಆಗಲಿಲ್ಲ. ಆ ಟಿಪ್ಪಣಿಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ನನ್ನ ವಾದಕ್ಕೆ ಇದು ಹೊಂದುವುದಿಲ್ಲ ಅಂತ ಗೊತ್ತು, ಹೊಂದಿಸುವ ಆಸೆಯೂ ಇಲ್ಲ.

ಆಡಿಸುವವರಿಗೆ ಕೈಗೆ ಸಿಗುವಂಥದ್ದು ಏನಾದರೂ ಹೇಳಿ ಅಂದರೆ ನನ್ನ ಬಳಿ ಇರುವುದು ಸ್ವಲ್ಪವೇ. ಖಂಡ ಬೇಡ, ಒಂದು ಊರು ತಗೊಳ್ಳಿ. ಆಟಗಾರರಿಗೆ ಒಂದು ಹಾಳೆಗಿಂತ ಹೆಚ್ಚು ಓದಿಸಬೇಡಿ. ಇಂಥ ದಿನದವರೆಗೆ ಪುಸ್ತಕ ಹೇಳಿದ್ದು ನಿಜ, ಆಮೇಲಿನದು ನಮ್ಮದು ಅಂತ ಮೊದಲ ದಿನವೇ ಬಾಯಿಬಿಟ್ಟು ಹೇಳಿಬಿಡಿ. ಎಲ್ಲ ಓದಿಕೊಂಡ ಒಬ್ಬ ಪ್ರತಿ ಮೇಜಿನಲ್ಲೂ ಇರುತ್ತಾನೆ. ಅವನಿಗೆ ವೋಲೋನ ಪಾತ್ರ ಕೊಡಿ, ಬೇಕಾದ್ದು ಹೇಳಲಿ, ನಂಬುವುದು ಬಿಡುವುದು ಉಳಿದವರ ಇಷ್ಟ. ಯಾರಾದರೂ ತಮ್ಮಮ್ಮ ಗುಡಿಯ ಮುಂದೆ ಹೂ ಮಾರುತ್ತಿದ್ದಳು ಅಂದರೆ, ಅಲ್ಲಿ ಗುಡಿ ಕಟ್ಟಿ.

ನಮ್ಮ ಟೀರ್ ನಗರದಲ್ಲ�ಿ ಕಾಲಕ್ ಇನ್ನೂ ಬದುಕಿದ್ದಾನೆ. ಆ ಆಟ ಸದ್ಯಕ್ಕೆ ನಿಂತಿದೆ. ಈಗ ಭಾನುವಾರಗಳಲ್ಲಿ ಭಾಗವತನ ಕುರ್ಚಿಯಲ್ಲಿ ಕೂರುವವನು ಆ ಗೆಳೆಯನೇ. ಆಡಿಸುತ್ತಿರುವುದು ಎಬೆರಾನ್. ನಾನು ಸೈರ್ ದೇಶದ ನಿರಾಶ್ರಿತ ಗುಮಾಸ್ತ, ಕೈಯಲ್ಲಿ ಸತ್ತ ಊರಿನ ಜಮೀನು ಪಹಣಿಗಳ ಕಟ್ಟು. ಆ ದೇಶ ಯಾಕೆ ಸತ್ತಿತು ಅಂತ ಅವನು ಹದಿನಾಲ್ಕು ತಿಂಗಳಿಂದ ಬಾಯಿ ಬಿಟ್ಟಿಲ್ಲ. ಹೋದ ವಾರ ಮಂಜಿನ ಗೋಡೆಯ ಹತ್ತಿರ ನಮಗೆ ಒಂದು ಕಂಬಳಿ ಸಿಕ್ಕಿತು, ಒದ್ದೆಯಾಗಿತ್ತು. ಯಾರದು ಅಂತ ಕೇಳಿದೆ. ‘ನೀನೇ ಹೇಳು’ ಅಂದ.